ಹಳೆ ಲ್ಯಾಪ್‌ಟಾಪ್ ಬಿಸಾಡೋ ಮುಂಚೆ: ಲಿನಕ್ಸ್ ಹಾಕಿಕೊಳ್ಳೋಕೆ ಒಂದು ಪಾಠ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಸಿಗುತ್ತಿದ್ದ ಮಾಮೂಲಿ ಬೆಂಬಲ ಮುಗಿಯಿತು. ನೋಂದಾಯಿಸಿಕೊಂಡವರಿಗೆ ಇನ್ನೊಂದು ವರ್ಷ ಸೆಕ್ಯೂರಿಟಿ ಅಪ್‌ಡೇಟ್ ಸಿಗುತ್ತೆ, ಅಷ್ಟೇ. ವಿಂಡೋಸ್ 11ಕ್ಕೆ ಹೋಗೋಣ ಅಂದರೆ ಟಿಪಿಎಂ 2.0 ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು.

ನಮ್ಮಲ್ಲಿ ಎಷ್ಟೋ ಜನರ ಹತ್ತಿರ ಇರೋದು ಅಣ್ಣನದೋ ಅಕ್ಕನದೋ ಕೈ ದಾಟಿ ಬಂದ ಲ್ಯಾಪ್‌ಟಾಪ್. ಕೀಬೋರ್ಡ್ ಸರಿ ಇದೆ, ಸ್ಕ್ರೀನ್ ಸರಿ ಇದೆ, ಚಾರ್ಜರ್‌ಗೆ ಒಂದು ಕಡೆ ಟೇಪ್ ಸುತ್ತಿದೆ, ಆದರೂ ಕೆಲಸ ಮಾಡುತ್ತೆ. ಹಾರ್ಡ್‌ವೇರ್ ಕೆಟ್ಟಿಲ್ಲ. ಆದರೆ ಸಾಫ್ಟ್‌ವೇರ್ "ನಿನ್ನ ಕಾಲ ಮುಗೀತು" ಅಂತ ಹೇಳ್ತಿದೆ. ಈಗ ಏನು ಮಾಡೋದು? ಮನೆಯಲ್ಲಿ ಮತ್ತೆ ನಲವತ್ತು ಐವತ್ತು ಸಾವಿರ ಕೇಳೋದಾ? ಅಪ್‌ಡೇಟ್ ಇಲ್ಲದೆ ಹಾಗೇ ಬಳಸಿಕೊಂಡು ಬ್ಯಾಂಕ್ ಪಾಸ್‌ವರ್ಡ್ ಕೂಡ ಅದರಲ್ಲೇ ಹೊಡೆಯೋದಾ? ಅಥವಾ ಯಾರೋ ಕೊಟ್ಟ ಕ್ರ್ಯಾಕ್ ಮಾಡಿದ ಕಾಪಿ ಹಾಕಿಕೊಳ್ಳೋದಾ?

ಇನ್ನೊಂದು ದಾರಿ ಇದೆ. ಅದನ್ನು ಹಂತ ಹಂತವಾಗಿ ಇಲ್ಲಿ ನೋಡೋಣ. ಕಂಪ್ಯೂಟರ್ ಸೈನ್ಸ್‌ನವರಿಗೆ ಮಾತ್ರ ಅಲ್ಲ, ಸಿವಿಲ್, ಮೆಕ್ಯಾನಿಕಲ್, ಇಸಿ ಎಲ್ಲರಿಗೂ ಅರ್ಥ ಆಗೋ ಹಾಗೆ ಬರೆಯೋ ಪ್ರಯತ್ನ ಮಾಡಿದ್ದೇವೆ.

ಉಚಿತ ಬೇರೆ, ಮುಕ್ತ ಬೇರೆ

ಮೊದಲು ಒಂದು ಪದದ ಗೊಂದಲ ಬಿಡಿಸಿಕೊಳ್ಳೋಣ. ಇಂಗ್ಲಿಷ್‌ನಲ್ಲಿ "ಫ್ರೀ" ಅನ್ನೋ ಒಂದೇ ಪದಕ್ಕೆ ಎರಡು ಅರ್ಥ. ಅದಕ್ಕೇ ಅಲ್ಲಿ ಇದನ್ನು ವಿವರಿಸೋಕೆ ಪುಟಗಟ್ಟಲೆ ಬರೆಯಬೇಕಾಗಿದೆ. ಕನ್ನಡದಲ್ಲಿ ನಮಗೆ ಆ ಕಷ್ಟ ಇಲ್ಲ. ದುಡ್ಡು ಕೊಡಬೇಕಾಗಿಲ್ಲ ಅಂದರೆ ಉಚಿತ. ಬಳಸೋಕೆ, ಬಿಚ್ಚಿ ನೋಡೋಕೆ, ಬದಲಾಯಿಸೋಕೆ ಯಾರ ತಡೆಯೂ ಇಲ್ಲ ಅಂದರೆ ಮುಕ್ತ ಅಥವಾ ಸ್ವತಂತ್ರ. ಫೋನಿನಲ್ಲಿರೋ ಎಷ್ಟೋ ಆಪ್‌ಗಳು ಉಚಿತ, ಆದರೆ ಮುಕ್ತ ಅಲ್ಲ. ಅವುಗಳ ಒಳಗೆ ಏನು ನಡೀತಿದೆ ಅಂತ ನಮಗೆ ನೋಡೋಕೆ ಆಗಲ್ಲ.

ಸ್ವತಂತ್ರ ಸಾಫ್ಟ್‌ವೇರ್‌ನಲ್ಲಿ ಬಳಕೆದಾರರಿಗೆ ನಾಲ್ಕು ಸ್ವಾತಂತ್ರ್ಯಗಳು ಇರಬೇಕು. ಸಿ ಭಾಷೆಯ ಅರೇ ಥರ ಇವುಗಳ ಎಣಿಕೆಯೂ ಸೊನ್ನೆಯಿಂದಲೇ ಶುರು. 0: ಯಾವ ಉದ್ದೇಶಕ್ಕೆ ಬೇಕಾದರೂ ಓಡಿಸೋದು. 1: ಸೋರ್ಸ್ ಕೋಡ್ ಓದಿ ಅದು ಹೇಗೆ ಕೆಲಸ ಮಾಡುತ್ತೆ ಅಂತ ತಿಳಿದು ನಮಗೆ ಬೇಕಾದ ಹಾಗೆ ಬದಲಾಯಿಸೋದು. 2: ಪ್ರತಿ ಮಾಡಿ ಬೇರೆಯವರಿಗೆ ಕೊಡೋದು. 3: ನಾವು ಬದಲಾಯಿಸಿದ್ದನ್ನೂ ಬೇರೆಯವರಿಗೆ ಹಂಚೋದು.

ಎರಡನೇದನ್ನು ಗಮನಿಸಿ. ಪೆನ್‌ಡ್ರೈವ್‌ನಲ್ಲಿ ಗೆಳೆಯರಿಗೆ ಕಾಪಿ ಕೊಡೋದು ಇಲ್ಲಿ ಕಳ್ಳತನ ಅಲ್ಲ, ಲೈಸೆನ್ಸ್‌ನಲ್ಲೇ ಬರೆದಿರೋ ಹಕ್ಕು.

ಸ್ವಲ್ಪ ಇತಿಹಾಸ

ಅಮೆರಿಕದ ಎಂಐಟಿಯಲ್ಲಿದ್ದ ರಿಚರ್ಡ್ ಸ್ಟಾಲ್‌ಮನ್ 1983ರ ಸೆಪ್ಟೆಂಬರ್‌ನಲ್ಲಿ ಗ್ನೂ ಯೋಜನೆ ಘೋಷಿಸಿದರು. ಯೂನಿಕ್ಸ್ ಥರ ಇರೋ, ಆದರೆ ಪೂರ್ತಿ ಸ್ವತಂತ್ರವಾದ ಆಪರೇಟಿಂಗ್ ಸಿಸ್ಟಮ್ ಕಟ್ಟೋದು ಗುರಿ. ನಾವು ಲ್ಯಾಬ್‌ನಲ್ಲಿ ಬಳಸೋ ಜಿಸಿಸಿ ಕಂಪೈಲರ್ 1987ರಲ್ಲಿ ಬಂದದ್ದು ಇದೇ ಯೋಜನೆಯಿಂದ. ಕಂಪೈಲರ್ ಬಂತು, ಶೆಲ್ ಬಂತು, ಎಡಿಟರ್ ಬಂತು, ಆದರೆ ನಡುವಿನ ಕರ್ನಲ್ ಮಾತ್ರ ಸಿದ್ಧ ಆಗಿರಲಿಲ್ಲ.

ಆ ಜಾಗ ತುಂಬಿದ್ದು ಒಬ್ಬ ವಿದ್ಯಾರ್ಥಿ. ಫಿನ್‌ಲ್ಯಾಂಡ್‌ನ ಹೆಲ್ಸಿಂಕಿ ವಿಶ್ವವಿದ್ಯಾಲಯದ ಲೀನಸ್ ಟೋರ್ವಾಲ್ಡ್ಸ್, ಆಗ ವಯಸ್ಸು 21. ತನ್ನ 386 ಕಂಪ್ಯೂಟರ್‌ಗೆ ಒಂದು ಸಣ್ಣ ಕರ್ನಲ್ ಬರೆಯುತ್ತಿದ್ದೇನೆ, ಇದು ಬರೀ ಹವ್ಯಾಸ ಅಂತ 1991ರ ಆಗಸ್ಟ್ 25ರಂದು ತಿಳಿಸಿದರು. 1992ರಲ್ಲಿ ಅದನ್ನು ಗ್ನೂವಿನ ಜಿಪಿಎಲ್ ಲೈಸೆನ್ಸ್ ಅಡಿ ತಂದರು. ಅಲ್ಲಿಂದ ಬೇರೆ ಬೇರೆ ದೇಶದವರು ಕೋಡ್ ಕಳಿಸೋಕೆ ಶುರು ಮಾಡಿದರು. ನಾವೆಲ್ಲ ಪ್ರಾಜೆಕ್ಟ್‌ಗೆ ಬಳಸೋ ಗಿಟ್ ಕೂಡ 2005ರಲ್ಲಿ ಅವರೇ ಬರೆದದ್ದು, ಕರ್ನಲ್ ಕೆಲಸಕ್ಕೆ ಬೇಕಾಯಿತು ಅಂತ.

ಇವತ್ತು ನಮ್ಮ ಆಂಡ್ರಾಯ್ಡ್ ಫೋನ್‌ಗಳ ಅಡಿಯಲ್ಲಿರೋದು ಲಿನಕ್ಸ್ ಕರ್ನಲ್. 2017ರ ನವೆಂಬರ್‌ನಿಂದ ಪ್ರಪಂಚದ ಅತಿ ವೇಗದ 500 ಸೂಪರ್‌ಕಂಪ್ಯೂಟರ್‌ಗಳ ಪಟ್ಟಿಯಲ್ಲಿ ಐನೂರಕ್ಕೆ ಐನೂರೂ ಲಿನಕ್ಸ್‌ನಲ್ಲೇ ಓಡುತ್ತಿವೆ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಕಂಪ್ಯೂಟರ್ ಕಲಿಯೋದೇ ಲಿನಕ್ಸ್ ಮೇಲೆ. ಅಂದರೆ ಹೈಸ್ಕೂಲು ಮಕ್ಕಳು ಬಳಸೋದನ್ನು ಇಂಜಿನಿಯರಿಂಗ್ ಓದೋ ನಾವು "ಅದು ಕಷ್ಟ ಕಣೋ" ಅನ್ನೋಕಾಗಲ್ಲ!

ಡಿಸ್ಟ್ರೋ ಅಂದರೆ ಏನು, ಯಾವುದು ಹಾಕಿಕೊಳ್ಳೋದು?

ಲಿನಕ್ಸ್ ಅನ್ನೋದು ಕರ್ನಲ್ ಮಾತ್ರ. ಅದರ ಜೊತೆ ಗ್ನೂ ಉಪಕರಣಗಳು, ಡೆಸ್ಕ್‌ಟಾಪ್, ಬ್ರೌಸರ್ ಎಲ್ಲ ಸೇರಿಸಿ ಒಂದು ಕಟ್ಟು ಕಟ್ಟಿ ಕೊಟ್ಟರೆ ಅದು ಡಿಸ್ಟ್ರಿಬ್ಯೂಷನ್, ಚಿಕ್ಕದಾಗಿ ಡಿಸ್ಟ್ರೋ. ಒಂದೇ ಅಕ್ಕಿಯಲ್ಲಿ ಚಿತ್ರಾನ್ನ, ಪುಳಿಯೋಗರೆ, ಬಿಸಿಬೇಳೆಬಾತ್ ಮಾಡೋ ಹಾಗೆ. 1993ರಲ್ಲಿ ಶುರುವಾದ ಡೆಬಿಯನ್ ಹಳೆಯ ಮನೆತನ. ಅದರಿಂದ 2004ರಲ್ಲಿ ಉಬುಂಟು, ಉಬುಂಟುವಿನಿಂದ 2006ರಲ್ಲಿ ಲಿನಕ್ಸ್ ಮಿಂಟ್ ಬಂತು. ನಮ್ಮ ದೇಶದ ಸಿ-ಡಾಕ್ ಸಂಸ್ಥೆ ಮಾಡಿರೋ ಬಾಸ್ ಕೂಡ ಡೆಬಿಯನ್ ಮೇಲೆಯೇ ಕಟ್ಟಿದ್ದು. ಫೆಡೋರಾ ಇನ್ನೊಂದು ಮನೆತನದ್ದು.

ಮೊದಲ ಸಲ ಹಾಕುವವರಿಗೆ ನಮ್ಮ ಸಲಹೆ ಲಿನಕ್ಸ್ ಮಿಂಟ್. ಕೆಳಗೆ ಟಾಸ್ಕ್‌ಬಾರ್, ಮೂಲೆಯಲ್ಲಿ ಮೆನು, ಎಲ್ಲ ವಿಂಡೋಸ್‌ನಲ್ಲಿ ನೋಡಿದ ಜಾಗದಲ್ಲೇ ಇರುತ್ತೆ. ಕನಿಷ್ಠ 2 ಜಿಬಿ ರ್‍ಯಾಮ್ ಸಾಕು ಅಂತ ಅವರೇ ಹೇಳ್ತಾರೆ, 4 ಜಿಬಿ ಇದ್ದರೆ ಆರಾಮ. ಡಿಸ್ಕ್ 20 ಜಿಬಿ ಕನಿಷ್ಠ, 100 ಜಿಬಿ ಇದ್ದರೆ ಒಳ್ಳೇದು. ಮೆಷಿನ್ ತೀರಾ ಹಳೇದಾದರೆ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ತಗೊಳ್ಳಿ, ಅದು ಹಗುರ. ಇನ್ನೊಂದು ಮಾತು: ಲ್ಯಾಪ್‌ಟಾಪ್‌ನಲ್ಲಿ ಇನ್ನೂ ತಿರುಗೋ ಹಾರ್ಡ್‌ಡಿಸ್ಕ್ ಇದ್ದರೆ, ಅದನ್ನು ತೆಗೆದು ಒಂದು ಸಣ್ಣ ಎಸ್‌ಎಸ್‌ಡಿ ಹಾಕಿಸಿ. ಯಾವ ಆಪರೇಟಿಂಗ್ ಸಿಸ್ಟಮ್ ಆದರೂ ವ್ಯತ್ಯಾಸ ಕಣ್ಣಿಗೆ ಕಾಣುತ್ತೆ.

"ಆ ಡಿಸ್ಟ್ರೋ ಮೇಲಾ, ಈ ಡಿಸ್ಟ್ರೋ ಮೇಲಾ" ಅಂತ ಸೀನಿಯರ್‌ಗಳು ಕ್ಯಾಂಟೀನ್‌ನಲ್ಲಿ ಗಂಟೆಗಟ್ಟಲೆ ವಾದ ಮಾಡ್ತಾರೆ. ಟೀ ಕುಡಿಯುತ್ತ ಕೇಳಿ, ತಲೆ ಕೆಡಿಸಿಕೊಳ್ಳಬೇಡಿ. ಒಂದನ್ನು ಹಿಡಿದು ಮೂರು ತಿಂಗಳು ಬಳಸಿ.

ಹಾಕೋ ಮುಂಚೆ ಮಾಡಲೇಬೇಕಾದ ಕೆಲಸ

ಇದು ಈ ಪಾಠದ ಅತಿ ಮುಖ್ಯ ಭಾಗ. ಅವಸರ ಮಾಡಬೇಡಿ.

ಒಂದು, ಬ್ಯಾಕಪ್. ಫೋಟೋ, ಮಾರ್ಕ್ಸ್ ಕಾರ್ಡ್ ಸ್ಕ್ಯಾನ್, ಪ್ರಾಜೆಕ್ಟ್ ಫೈಲ್, ಎಲ್ಲವನ್ನೂ ಬೇರೆ ಡಿಸ್ಕ್‌ಗೆ ಹಾಕಿ. ಅದೇ ಲ್ಯಾಪ್‌ಟಾಪ್‌ನ ಡಿ ಡ್ರೈವ್‌ಗೆ ಹಾಕಿದರೆ ಅದು ಬ್ಯಾಕಪ್ ಅಲ್ಲ. ಪಾರ್ಟಿಷನ್ ತಪ್ಪಿದರೆ ಸಿ, ಡಿ ಎರಡೂ ಒಟ್ಟಿಗೇ ಹೋಗುತ್ತವೆ.

ಎರಡು, ಬಿಟ್‌ಲಾಕರ್. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ನಮಗೆ ಗೊತ್ತಿಲ್ಲದೇ ಡಿಸ್ಕ್ ಎನ್‌ಕ್ರಿಪ್ಟ್ ಆಗಿರುತ್ತೆ. ಬೂಟ್ ಸೆಟ್ಟಿಂಗ್ ಬದಲಾದ ಕೂಡಲೇ ವಿಂಡೋಸ್ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಅದು ಕೈಯಲ್ಲಿ ಇಲ್ಲದಿದ್ದರೆ ಡೇಟಾ ಅಲ್ಲೇ ಬೀಗದೊಳಗೆ ಉಳಿಯುತ್ತೆ. ಆದ್ದರಿಂದ ಮೊದಲೇ ಕೀ ತೆಗೆದು ಕಾಗದದ ಮೇಲೆ ಬರೆದಿಡಿ. ಕೆಲವು ಇನ್‌ಸ್ಟಾಲರ್‌ಗಳು ಬಿಟ್‌ಲಾಕರ್ ಆನ್ ಇದ್ದರೆ ಮುಂದಕ್ಕೇ ಹೋಗೋದಿಲ್ಲ. ಆಗ ವಿಂಡೋಸ್‌ನಲ್ಲೇ ಅದನ್ನು ಆಫ್ ಮಾಡಿ, ಡೀಕ್ರಿಪ್ಟ್ ಮುಗಿಯೋವರೆಗೂ ಕಾಯಬೇಕು.

ಮೂರು, ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದರೆ ಶಟ್‌ಡೌನ್ ಕೊಟ್ಟರೂ ವಿಂಡೋಸ್ ಪೂರ್ತಿ ಮಲಗೋದಿಲ್ಲ, ಅರ್ಧ ನಿದ್ದೆಯಲ್ಲಿರುತ್ತೆ. ಆಗ ಲಿನಕ್ಸ್‌ನಿಂದ ಆ ಡ್ರೈವ್‌ಗೆ ಬರೆಯೋಕೆ ಹೋದರೆ ತೊಂದರೆ.

ನಾಲ್ಕು, ಜಾಗ ಮಾಡಿಕೊಳ್ಳಿ. ವಿಂಡೋಸ್ ಜೊತೆಗೇ ಇಟ್ಟುಕೊಳ್ಳೋದಾದರೆ, ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಸಿ ಡ್ರೈವ್ ಅನ್ನು ಶ್ರಿಂಕ್ ಮಾಡಿ 60 ರಿಂದ 100 ಜಿಬಿ ಖಾಲಿ ಬಿಡಿ. ಆ ಖಾಲಿ ಜಾಗಕ್ಕೆ ಏನೂ ಫಾರ್ಮ್ಯಾಟ್ ಮಾಡಬೇಡಿ, ಹಾಗೇ ಇರಲಿ.

ಮೊದಲು ರುಚಿ, ಆಮೇಲೆ ಊಟ

ಲಿನಕ್ಸ್‌ನ ದೊಡ್ಡ ಅನುಕೂಲ ಅಂದರೆ ಇನ್‌ಸ್ಟಾಲ್ ಮಾಡದೇ ಓಡಿಸಿ ನೋಡಬಹುದು. ಇದಕ್ಕೆ ಲೈವ್ ಮೋಡ್ ಅಂತಾರೆ.

ಮಿಂಟ್‌ನ ಅಧಿಕೃತ ಜಾಲತಾಣದಿಂದ ಐಎಸ್‌ಒ ಫೈಲ್ ಇಳಿಸಿಕೊಳ್ಳಿ. ಸುಮಾರು 3 ಜಿಬಿ ಇರುತ್ತೆ, ಆದ್ದರಿಂದ ಹಾಸ್ಟೆಲ್ ವೈಫೈ ಖಾಲಿ ಇರೋ ಹೊತ್ತು ನೋಡಿಕೊಳ್ಳಿ. ಇಳಿಸಿದ ಮೇಲೆ ಅಲ್ಲಿ ಕೊಟ್ಟಿರೋ ಎಸ್‌ಎಚ್‌ಎ-256 ಚೆಕ್‌ಸಮ್ ತಾಳೆ ನೋಡಿ. ಒಂದು ಬಿಟ್ ಬದಲಾಗಿದ್ದರೂ ಆ ಸಂಖ್ಯೆ ಪೂರ್ತಿ ಬೇರೆ ಬರುತ್ತೆ, ಅಂದರೆ ಫೈಲ್ ಕೆಟ್ಟಿದೆ ಅಂತ ಗೊತ್ತಾಗುತ್ತೆ. ಆಮೇಲೆ ರೂಫಸ್ ಅಥವಾ ಎಚರ್ ಥರದ ಸಾಧನದಿಂದ 8 ಜಿಬಿ ಪೆನ್‌ಡ್ರೈವ್‌ಗೆ ಬರೆಯಿರಿ. ಪೆನ್‌ಡ್ರೈವ್‌ನಲ್ಲಿ ಇದ್ದದ್ದೆಲ್ಲ ಅಳಿಸಿ ಹೋಗುತ್ತೆ, ನೆನಪಿರಲಿ.

ಲ್ಯಾಪ್‌ಟಾಪ್ ಆನ್ ಮಾಡುವಾಗ ಬೂಟ್ ಮೆನು ಕೀ ಒತ್ತಿ. ಅದು ಒಂದೊಂದು ಬ್ರ್ಯಾಂಡ್‌ಗೆ ಒಂದೊಂದು: ಎಫ್12, ಎಫ್9, ಎಸ್ಕೇಪ್, ಹೀಗೆ. ಪೆನ್‌ಡ್ರೈವ್ ಆರಿಸಿದರೆ ಡೆಸ್ಕ್‌ಟಾಪ್ ಬರುತ್ತೆ. ಈಗ ಎಲ್ಲ ಪರೀಕ್ಷೆ ಮಾಡಿ. ವೈಫೈ ಸಿಗ್ತಾ ಇದೆಯಾ? ಸೌಂಡ್ ಬರ್ತಿದೆಯಾ? ಕ್ಯಾಮೆರಾ, ಟಚ್‌ಪ್ಯಾಡ್, ಬ್ರೈಟ್‌ನೆಸ್ ಕೀ, ಪ್ರೊಜೆಕ್ಟರ್‌ಗೆ ಹಾಕೋ ಎಚ್‌ಡಿಎಂಐ? ಲೈವ್ ಮೋಡ್‌ನಲ್ಲಿ ನೀವಾಗಿಯೇ ಏನೂ ಮಾಡದ ಹೊರತು ನಿಮ್ಮ ಡಿಸ್ಕ್ ಹಾಗೇ ಇರುತ್ತೆ. ಪೆನ್‌ಡ್ರೈವ್ ತೆಗೆದು ರೀಸ್ಟಾರ್ಟ್ ಮಾಡಿದರೆ ಹಳೆ ವಿಂಡೋಸ್ ವಾಪಸ್.

ಎಲ್ಲ ಸರಿ ಇದ್ದರೆ ಇನ್‌ಸ್ಟಾಲ್ ಐಕಾನ್ ಒತ್ತಿ. ವಿಂಡೋಸ್ ಪಕ್ಕದಲ್ಲಿ ಹಾಕೋ ಆಯ್ಕೆಯೂ ಇರುತ್ತೆ, ಡಿಸ್ಕ್ ಪೂರ್ತಿ ಅಳಿಸಿ ಹಾಕೋ ಆಯ್ಕೆಯೂ ಇರುತ್ತೆ. ಎರಡು ಸಲ ಓದಿ ಒತ್ತಿ. ಪಾರ್ಟಿಷನ್ ನೀವೇ ಮಾಡೋದಾದರೆ ಖಾಲಿ ಬಿಟ್ಟ ಜಾಗದಲ್ಲಿ ಒಂದು ಎಕ್ಸ್‌ಟಿ4 ಪಾರ್ಟಿಷನ್ ಮಾಡಿ ಅದನ್ನು ರೂಟ್ ಅಂತ ಗುರುತಿಸಿ. ಈಗಾಗಲೇ ಇರೋ ಇಎಫ್‌ಐ ಪಾರ್ಟಿಷನ್ ಬಳಸಿಕೊಳ್ಳಿ, ಆದರೆ ಫಾರ್ಮ್ಯಾಟ್ ಮಾಡಬೇಡಿ. ವಿಂಡೋಸ್‌ನ ಬೂಟ್ ಫೈಲ್‌ಗಳೂ ಅಲ್ಲೇ ಇರೋದು. ಮುಗಿದ ಮೇಲೆ ಆನ್ ಮಾಡಿದಾಗ ಗ್ರಬ್ ಮೆನು ಬಂದು ಯಾವುದು ಬೇಕು ಅಂತ ಕೇಳುತ್ತೆ.

ಮೊದಲ ದಿನದ ಕೆಲಸಗಳು

ಮೊದಲು ಅಪ್‌ಡೇಟ್ ಮಾಡಿ. ಲಿನಕ್ಸ್‌ನಲ್ಲಿ ಸಾಫ್ಟ್‌ವೇರ್ ಹಾಕೋ ರೀತಿಯೇ ಬೇರೆ. ಯಾವುದೋ ಸೈಟ್‌ಗೆ ಹೋಗಿ, ಮೂರು ನಕಲಿ ಡೌನ್‌ಲೋಡ್ ಬಟನ್ ದಾಟಿ ಫೈಲ್ ಇಳಿಸೋ ಹಾಗಿಲ್ಲ. ಡಿಸ್ಟ್ರೋದವರೇ ಪರಿಶೀಲಿಸಿ, ಡಿಜಿಟಲ್ ಸಹಿ ಹಾಕಿ ಇಟ್ಟಿರೋ ಉಗ್ರಾಣ ಇದೆ. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಹೆಸರು ಹುಡುಕಿ ಇನ್‌ಸ್ಟಾಲ್ ಒತ್ತಿದರೆ ಆಯ್ತು. ಟರ್ಮಿನಲ್‌ನಲ್ಲಿ ಮಾಡೋರಿಗೆ ಆಪ್ಟ್ ಅನ್ನೋ ಕಮಾಂಡ್ ಇದೆ. ಮುಂದೆ ಸುಡೋ ಅಂತ ಸೇರಿಸಿದರೆ ಯಜಮಾನನ ಅಧಿಕಾರ ಸಿಗುತ್ತೆ. ಅಂತರ್ಜಾಲದಲ್ಲಿ ಕಂಡ ಸುಡೋ ಕಮಾಂಡ್ ಅನ್ನು ಅರ್ಥ ಮಾಡಿಕೊಳ್ಳದೇ ಅಂಟಿಸಬೇಡಿ. ಮುಂದೆ ಆ ಕಮಾಂಡ್ ಏನು ಮಾಡುತ್ತೆ ಅಂತ ತಿಳಿಯೋಕೆ ಮ್ಯಾನ್ ಅನ್ನೋ ಇನ್ನೊಂದು ಕಮಾಂಡ್ ಇದೆ.

ಎರಡನೇದು, ಟೈಮ್‌ಶಿಫ್ಟ್. ಮಿಂಟ್‌ನಲ್ಲಿ ಇದು ಮೊದಲೇ ಇರುತ್ತೆ. ಒಂದು ಸ್ನ್ಯಾಪ್‌ಶಾಟ್ ತೆಗೆದಿಟ್ಟರೆ, ಮುಂದೆ ಸಿಸ್ಟಮ್‌ನಲ್ಲಿ ಏನಾದರೂ ಎಡವಟ್ಟಾದಾಗ ಹಿಂದಿನ ಸ್ಥಿತಿಗೆ ಹೋಗಬಹುದು.

ಮೂರನೇದು, ಗಡಿಯಾರ. ಲಿನಕ್ಸ್ ಬಳಸಿ ವಾಪಸ್ ವಿಂಡೋಸ್‌ಗೆ ಹೋದರೆ ಸಮಯ ಐದೂವರೆ ಗಂಟೆ ಹಿಂದೆ ಕಾಣಬಹುದು. ಭಯ ಬೇಡ, ಬ್ಯಾಟರಿ ಹೋಗಿಲ್ಲ. ಮದರ್‌ಬೋರ್ಡ್‌ನ ಗಡಿಯಾರದಲ್ಲಿ ಲಿನಕ್ಸ್ ಜಾಗತಿಕ ಸಮಯ ಇಡುತ್ತೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯ ಅಂದುಕೊಳ್ಳುತ್ತೆ. ನಮ್ಮ ಸಮಯ ಜಾಗತಿಕ ಸಮಯಕ್ಕಿಂತ 5 ಗಂಟೆ 30 ನಿಮಿಷ ಮುಂದೆ, ಅದಕ್ಕೇ ಸರಿಯಾಗಿ ಅಷ್ಟೇ ವ್ಯತ್ಯಾಸ. ಲಿನಕ್ಸ್‌ಗೂ ಸ್ಥಳೀಯ ಸಮಯವನ್ನೇ ಇಡು ಅಂತ ಹೇಳಿದರೆ ಸರಿಹೋಗುತ್ತೆ.

ನಾಲ್ಕನೇದು, ಕನ್ನಡ. ಕೀಬೋರ್ಡ್ ಸೆಟ್ಟಿಂಗ್‌ಗೆ ಹೋಗಿ ಹೊಸ ಲೇಔಟ್ ಸೇರಿಸಿ. ಇನ್‌ಸ್ಕ್ರಿಪ್ಟ್ ಇದೆ, ಕಗಪ ಕೂಡ ಇದೆ. ಕಗಪ ಅಂದರೆ ಕನ್ನಡ ಗಣಕ ಪರಿಷತ್ತು. ನುಡಿಯಲ್ಲಿ ಟೈಪ್ ಮಾಡಿದವರಿಗೆ ಕೆ.ಪಿ. ರಾವ್ ಅವರು ರೂಪಿಸಿದ ಇದೇ ವಿನ್ಯಾಸ ಗೊತ್ತಿರುತ್ತೆ. ಐಬಸ್ ಮೂಲಕವೂ ಕನ್ನಡದ ಬೇರೆ ವಿಧಾನಗಳನ್ನು ಹಾಕಿಕೊಳ್ಳಬಹುದು. ಗುಬ್ಬಿ, ನವಿಲು ಅನ್ನೋ ಮುಕ್ತ ಫಾಂಟ್‌ಗಳು ಡೆಬಿಯನ್ ಉಗ್ರಾಣದಲ್ಲೇ ಇವೆ. ಒಂದು ಎಚ್ಚರಿಕೆ: ಹಳೆ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಫೈಲ್ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತೆ. ಅವು ಯೂನಿಕೋಡ್ ಅಲ್ಲ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು.

ನಮ್ಮ ಸಿಲಬಸ್‌ಗೆ ಏನೇನು ಸಿಗುತ್ತೆ?

ಸಿ, ಸಿ++, ಪೈಥಾನ್, ಜಾವಾ, ಇವೆಲ್ಲ ಒಂದೊಂದು ಕಮಾಂಡ್ ದೂರ. ಆಪರೇಟಿಂಗ್ ಸಿಸ್ಟಮ್ಸ್ ಪೇಪರ್ ಓದುವಾಗ ಫೋರ್ಕ್, ಪೈಪ್, ಪ್ರೋಸೆಸ್ ಸ್ಥಿತಿಗಳನ್ನು ಬಾಯಿಪಾಠ ಮಾಡೋ ಬದಲು ಓಡಿಸಿ ನೋಡಬಹುದು. ಟಾಪ್ ಕಮಾಂಡ್ ಹೊಡೆದರೆ ಯಾವ ಪ್ರೋಸೆಸ್ ಎಷ್ಟು ಸಿಪಿಯು ತಿಂತಿದೆ ಅಂತ ಎದುರಿಗೇ ಕಾಣುತ್ತೆ. ಪ್ರಾಕ್ ಡೈರೆಕ್ಟರಿ ಒಳಗೆ ಹೋದರೆ ಕರ್ನಲ್ ತನ್ನ ಬಗ್ಗೆ ತಾನೇ ಹೇಳಿಕೊಳ್ಳುತ್ತೆ.

ಇಸಿಯವರಿಗೆ ಎನ್‌ಜಿಸ್ಪೈಸ್, ಕಿಕ್ಯಾಡ್, ವೆರಿಲಾಗ್‌ಗೆ ಐಕರಸ್ ಮತ್ತು ಜಿಟಿಕೆವೇವ್. ಐಐಟಿ ಬಾಂಬೆಯ ಫಾಸಿ ತಂಡ ಇಂಥವನ್ನೇ ಸೇರಿಸಿ ಇ-ಸಿಮ್ ಅಂತ ಮಾಡಿದೆ. ಮ್ಯಾಟ್‌ಲ್ಯಾಬ್ ಲೆಕ್ಕಗಳಿಗೆ ಆಕ್ಟೇವ್ ಅಥವಾ ಸೈಲ್ಯಾಬ್. ಮೆಕ್ಯಾನಿಕಲ್‌ನವರಿಗೆ ಫ್ರೀಕ್ಯಾಡ್, ಓಪನ್‌ಫೋಮ್. ರಿಪೋರ್ಟ್‌ಗೆ ಲಿಬ್ರೆಆಫೀಸ್ ಅಥವಾ ಲೇಟೆಕ್. ಐಐಟಿ ಬಾಂಬೆಯದೇ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಇವುಗಳಲ್ಲಿ ಕೆಲವಕ್ಕೆ ಕನ್ನಡದಲ್ಲೇ ಪಾಠಗಳಿವೆ. ಆರ್ಡುಯಿನೋ ಚುಚ್ಚಿದಾಗ ಪೋರ್ಟ್ ತೆರೆಯೋಕೆ ಅನುಮತಿ ಇಲ್ಲ ಅಂದರೆ, ನಿಮ್ಮ ಹೆಸರನ್ನು ಡಯಲ್‌ಔಟ್ ಗುಂಪಿಗೆ ಸೇರಿಸಿ, ಲಾಗೌಟ್ ಆಗಿ ಒಳಗೆ ಬನ್ನಿ.

ಎಲ್ಲಿ ಕೈ ಕೊಡುತ್ತೆ?

ಇದನ್ನು ಮುಚ್ಚಿಟ್ಟು ಬರೀ ಹೊಗಳಿದರೆ ನೀವು ಒಂದೇ ವಾರದಲ್ಲಿ ಬೈಕೊಂಡು ವಾಪಸ್ ಹೋಗ್ತೀರಿ. ಆಟೋಕ್ಯಾಡ್, ಸಾಲಿಡ್‌ವರ್ಕ್ಸ್ ಲಿನಕ್ಸ್‌ಗೆ ಇಲ್ಲ. ಪರೀಕ್ಷೆಯಲ್ಲಿ ಅದೇ ಬೇಕು ಅಂದರೆ ಫ್ರೀಕ್ಯಾಡ್ ಕಲಿತು ಪ್ರಯೋಜನ ಇಲ್ಲ, ವಿಂಡೋಸ್ ಇಟ್ಟುಕೊಳ್ಳಲೇಬೇಕು. ಆನ್‌ಲೈನ್ ಪರೀಕ್ಷೆಗಳ ಕೆಲವು ಲಾಕ್‌ಡೌನ್ ಬ್ರೌಸರ್‌ಗಳು ವಿಂಡೋಸ್, ಮ್ಯಾಕ್ ಬಿಟ್ಟು ಬೇರೆ ಕಡೆ ಓಡೋದಿಲ್ಲ. ಪ್ಲೇಸ್‌ಮೆಂಟ್ ಟೆಸ್ಟ್ ಹಿಂದಿನ ರಾತ್ರಿ ಅಲ್ಲ, ಒಂದು ವಾರ ಮುಂಚೆಯೇ ನೋಡಿಕೊಳ್ಳಿ. ಆಂಟಿ-ಚೀಟ್ ಇರೋ ಕೆಲವು ಗೇಮ್‌ಗಳು ನಡೆಯಲ್ಲ. ಫಿಂಗರ್‌ಪ್ರಿಂಟ್ ರೀಡರ್ ಎಷ್ಟೋ ಕಡೆ ಕೆಲಸ ಮಾಡಲ್ಲ. ವರ್ಡ್ ಫೈಲ್ ಲಿಬ್ರೆಆಫೀಸ್‌ನಲ್ಲಿ ತೆರೆದರೆ ಸಾಲು, ಟೇಬಲ್ ಸ್ವಲ್ಪ ಅಲ್ಲಾಡಬಹುದು, ಆದ್ದರಿಂದ ಕೊನೆಯ ಪ್ರತಿಯನ್ನು ಪಿಡಿಎಫ್ ಮಾಡಿಯೇ ಕಳಿಸಿ. ಹಾಗಾಗಿ ಮೊದಲ ಒಂದು ಸೆಮಿಸ್ಟರ್ ಎರಡನ್ನೂ ಪಕ್ಕಪಕ್ಕ ಇಟ್ಟುಕೊಳ್ಳೋದೇ ಜಾಣತನ.

ಆದರೆ ವಿಂಡೋಸ್ 11 ಏರದ ಹಳೆ ಮೆಷಿನ್ ಆಗಿದ್ದರೆ ಲೆಕ್ಕ ಬೇರೆ. ಅಲ್ಲಿ ಇಂಟರ್ನೆಟ್ ಕೆಲಸ, ಬ್ಯಾಂಕ್ ಕೆಲಸ ಎಲ್ಲ ಲಿನಕ್ಸ್‌ನಲ್ಲಿ ಮಾಡಿ. ಹಳೆ ವಿಂಡೋಸ್ ಅನ್ನು ಆ ಒಂದೆರಡು ಸಾಫ್ಟ್‌ವೇರ್‌ಗೆ ಮಾತ್ರ, ನೆಟ್ ಇಲ್ಲದೇ ಬಳಸಿ.

ಮುಯ್ಯಾಳು ಲೆಕ್ಕ

ಇಷ್ಟೆಲ್ಲ ಯಾರೋ ಪುಕ್ಕಟೆ ಯಾಕೆ ಕೊಡ್ತಾರೆ ಅನ್ನೋ ಪ್ರಶ್ನೆ ಬಂದೇ ಬರುತ್ತೆ. ಉತ್ತರ ನಮ್ಮ ಅಜ್ಜ ಅಜ್ಜಿಯರಿಗೆ ಗೊತ್ತು. ಹಳ್ಳಿಗಳಲ್ಲಿ ಮುಯ್ಯಾಳು ಅಂತ ಒಂದು ಪದ್ಧತಿ. ಇವತ್ತು ನಿಮ್ಮ ಗದ್ದೆ ನಾಟಿಗೆ ನಾವು ಬರ್ತೀವಿ, ನಾಳೆ ನಮ್ಮ ಗದ್ದೆಗೆ ನೀವು ಬನ್ನಿ. ಕೂಲಿ ಇಲ್ಲ, ಆದರೆ ಋಣ ಇದೆ. ಜಿಪಿಎಲ್ ಲೈಸೆನ್ಸ್ ಹೇಳೋದೂ ಹತ್ತಿರ ಹತ್ತಿರ ಅದನ್ನೇ: ಈ ಕೋಡ್ ತಗೊಂಡು ಬದಲಾಯಿಸಿ ಬೇರೆಯವರಿಗೆ ಕೊಟ್ಟರೆ, ನಿನಗೆ ಸಿಕ್ಕ ಹಕ್ಕುಗಳನ್ನು ಅವರಿಗೂ ಕೊಡಬೇಕು. ದೊಡ್ಡ ಕಂಪನಿಗಳು ಕೂಡ ಇದರಲ್ಲಿ ಸಂಬಳ ಕೊಟ್ಟು ಜನ ಇಟ್ಟಿವೆ, ಯಾಕೆಂದರೆ ಅವರ ಸರ್ವರ್‌ಗಳೂ ಇದರ ಮೇಲೇ ನಿಂತಿವೆ.

ನಮ್ಮ ಮುಯ್ಯಿ ನಾವು ಹೇಗೆ ತೀರಿಸೋದು? ಕರ್ನಲ್‌ಗೆ ಕೋಡ್ ಬರೆಯೋಕೆ ಈಗಲೇ ಆಗದಿರಬಹುದು. ಆದರೆ ಮೆನುವಿನಲ್ಲಿ ಕಾಣೋ ಒಂದೊಂದು ಸಾಲೂ ಒಂದು ಅನುವಾದದ ಫೈಲ್‌ನಲ್ಲಿ ಇರುತ್ತೆ: ಮೇಲೆ ಇಂಗ್ಲಿಷ್, ಕೆಳಗೆ ಕನ್ನಡಕ್ಕೆ ಜಾಗ. ಎಷ್ಟೋ ಕಡೆ ಆ ಜಾಗ ಇನ್ನೂ ಖಾಲಿ ಇದೆ. ಅದನ್ನು ತುಂಬೋಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ, ಇದು ಮೂರನೇ ನಂಬರಿನ ಸ್ವಾತಂತ್ರ್ಯ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ "ಸೆಟ್ಟಿಂಗ್ಸ್"ಗೆ ಕನ್ನಡದಲ್ಲಿ ಏನನ್ನಬೇಕು ಅಂತ ಯೋಚಿಸೋದೇ ಒಂದು ಒಳ್ಳೆ ಕಸರತ್ತು. ಒತ್ತಕ್ಷರ ತಪ್ಪಾಗಿ ಕಂಡರೆ ಸ್ಕ್ರೀನ್‌ಶಾಟ್ ಸಮೇತ ಬಗ್ ರಿಪೋರ್ಟ್ ಹಾಕಿ. ಅದೂ ಅರ್ಧ ದಿನದ ನಾಟಿಗೆ ಸಮ.

ಈ ಶನಿವಾರ ಒಂದು ಪೆನ್‌ಡ್ರೈವ್ ಖಾಲಿ ಮಾಡಿ, ಲೈವ್ ಮೋಡ್‌ನಲ್ಲಿ ಅರ್ಧ ಗಂಟೆ ಓಡಿಸಿ ನೋಡಿ. ಇಷ್ಟ ಆಗದಿದ್ದರೆ ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ, ಏನೂ ನಷ್ಟ ಇಲ್ಲ. ಇಷ್ಟ ಆದರೆ ಅದೇ ಪೆನ್‌ಡ್ರೈವ್ ಅನ್ನು ಪಕ್ಕದ ರೂಮಿಗೆ ಕೊಡಿ. ಅಲ್ಲೂ ಒಂದು ಹಳೆ ಲ್ಯಾಪ್‌ಟಾಪ್ ಕಾಯ್ತಾ ಇರುತ್ತೆ.